ಚೀನಾ ಗ್ರಾಸ್ ಪೊಟ್ಟಣ: ಒಳಗಿನ ಸರಕಿಗೆ 4 ಸ್ಟಾರ್, ಹೊರಗಿನ ಚಿತ್ರಕ್ಕೆ 1

ಎಳನೀರು ಪುಡ್ಡಿಂಗ್ ಮಾಡುವವರು ಈ ಚೀನಾ ಗ್ರಾಸನ್ನು, ಅಂದ್ರೆ ಕಡಲಪಾಚಿಯಿಂದ ಮಾಡುವ ಅಗರನ್ನು, ಧೈರ್ಯವಾಗಿ ತಗೊಳ್ಳಬಹುದು. 10 ಗ್ರಾಂ ಪೊಟ್ಟಣ, ಕಡ್ಡಿ ರೂಪದ್ದು, ಮದುರೈ ಕಡೆಯ ತಯಾರಿ. ಕತ್ತರಿಸಿ ಅರ್ಧ ಗಂಟೆ ನೆನೆಹಾಕಿ, ಬರೀ ನೀರಲ್ಲಿ ಪೂರ್ತಿ ಕರಗುವ ತನಕ ಕುದಿಸಿ, ಆಮೇಲೆ ಎಳನೀರಿಗೆ ಸೇರಿಸಿ. ಎಳನೀರು ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾದರೆ ಸುರಿದ ಕೂಡಲೇ ಗಂಟು ಗಂಟಾಗುತ್ತದೆ, ಹುಷಾರು. 1 ಲೀಟರ್‌ಗೆ ಸಾಕು ಅಂತ ಬರೆದಿದ್ದಾರೆ. ಚೌಕ ಚೌಕ ಕತ್ತರಿಸಬೇಕು ಅಂದ್ರೆ ಮುಕ್ಕಾಲು ಲೀಟರ್‌ಗೆ ನಿಲ್ಲಿಸಿ. ಕಡಲ ವಾಸನೆ ಒಂಚೂರೂ ಇಲ್ಲ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗೋಕೆ 85 ಡಿಗ್ರಿಯಷ್ಟು ಬಿಸಿ ಬೇಕು, ಹಾಗಾಗಿ ಏಪ್ರಿಲ್ ಸೆಕೆಯಲ್ಲೂ ಮೇಜಿನ ಮೇಲೆ ಅಲುಗದೆ ನಿಲ್ಲುತ್ತದೆ.

ಇನ್ನು ಆ ಚಿತ್ರ. ಪೊಟ್ಟಣದ ಮೇಲೆ ದೋಣಿ, ದೋಣಿಯಲ್ಲಿ ಒಬ್ಬ ಗಂಡಸು, ಕೈಯಲ್ಲಿ ಕಡಲಪಾಚಿ. ಯಾರು ಸ್ವಾಮಿ ಇವನು?

ಅಗರ್ ಮಾಡುವ ಪಾಚಿಯನ್ನು ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ, ಪಾಂಬನ್ ಸುತ್ತಮುತ್ತ, ಕಡಲಿಂದ ಕೀಳುವವರು ಹೆಚ್ಚಾಗಿ ಹೆಂಗಸರು. ಸೀರೆ ಮೇಲೆ ಟೀ ಶರ್ಟ್, ಕಣ್ಣಿಗೆ ಕನ್ನಡಕ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಉಸಿರು ಕಟ್ಟಿ ಮುಳುಗುತ್ತಾರೆ. ಸಿಲಿಂಡರ್ ಗಿಲಿಂಡರ್ ಏನೂ ಇಲ್ಲ. ಬಂಡೆಗೆ ಅಂಟಿದ ‘ಮರಿಕೊಳುಂದು ಪಾಸಿ’ಯನ್ನು ಕೈಯಲ್ಲೇ ಕಿತ್ತು ಸೊಂಟದ ಬಲೆಚೀಲಕ್ಕೆ ತುಂಬುತ್ತಾರೆ. ತಿಂಗಳಿಗೆ ಸುಮಾರು 12 ದಿನ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಮಾತ್ರ. ದಡಕ್ಕೆ ತಂದು ಒಣಗಿಸುವುದೂ ಅವರೇ. ಗಂಡಸರು ದೋಣಿ ಓಡಿಸುತ್ತಾರೆ, ಆಮೇಲೆ ತಕ್ಕಡಿ ಹತ್ತಿರ ಸಿಗುತ್ತಾರೆ! ಏಜೆಂಟ್ ಮೊದಲೇ ಮುಂಗಡ ಕೊಟ್ಟಿದ್ದರೆ ದರ ಹೇಳುವುದೂ ಅವನೇ.

ನಮ್ಮ ಕರಾವಳಿ ನೋಡಿದವರಿಗೆ ಇದು ಪೂರ್ತಿ ಉಲ್ಟಾ ಅನ್ನಿಸುತ್ತದೆ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ಕಡಲಿಗೆ ಹೋಗುವವರು ಗಂಡಸರು, ಬುಟ್ಟಿ ಹಿಡಿದು ಮಾರ್ಕೆಟ್ ಆಳುವವರು ಹೆಂಗಸರು. ಅಲ್ಲಿ ಚೌಕಾಸಿ ಮಾಡಿ ಗೆದ್ದವರಿದ್ದರೆ ಕೈ ಎತ್ತಿ. ಪಾಂಬನ್ ಹೆಂಗಸರಿಗೆ ಕಡಲಂತೂ ಸಿಕ್ಕಿದೆ, ಮಾರ್ಕೆಟ್ ಸಿಕ್ಕಿಲ್ಲ. ದುಡ್ಡು ಎಣಿಸುವ ಜಾಗ ಯಾರ ಕೈಲಿದೆ ಅನ್ನೋದೇ ಇಲ್ಲಿ ದೊಡ್ಡದು, ಮುಳುಗಿದವರು ಯಾರು ಅನ್ನೋದಲ್ಲ.

ಜೊತೆಗೆ ಮನ್ನಾರ್ ಕೊಲ್ಲಿಯ 21 ದ್ವೀಪಗಳು 1986ರಿಂದ ರಾಷ್ಟ್ರೀಯ ಉದ್ಯಾನ. ಅಲ್ಲಿ ಪಾಚಿ ಕೀಳುವ ಈ ಹೆಂಗಸರು ಅರಣ್ಯ ಇಲಾಖೆಯ ಕಣ್ಣಿಗೆ ಎಷ್ಟೋ ಕಾಲ ಬರೀ ಅತಿಕ್ರಮಣ ಮಾಡುವವರು. ಚಿನ್ನಪಾಲಂ ಊರಿನ ಲಕ್ಷ್ಮಿ ಮೂರ್ತಿ ಈ ಹೆಂಗಸರನ್ನು ಸಂಘಟಿಸಿದವರು, 2015ರಲ್ಲಿ ಸೀಕಾಲಜಿ ಪ್ರಶಸ್ತಿ (ದ್ವೀಪಗಳ ಪರಿಸರ ಕಾಯುವವರಿಗೆ ಅಮೆರಿಕದ ಸಂಸ್ಥೆಯೊಂದು ಕೊಡುವುದು) ಅವರಿಗೆ ಬಂತು. ಹೊರದೇಶದವರಿಗೆ ಕಂಡದ್ದು ಪೊಟ್ಟಣದ ಚಿತ್ರ ಬರೆಸಿದವರಿಗೆ ಕಾಣಲಿಲ್ಲ, ನೋಡಿ.

ಕಂಪನಿಯವರು ಇದನ್ನು ಓದಿದರೆ ಎರಡು ಕೆಲಸ ಮಾಡಲಿ. ಚಿತ್ರ ಬದಲಾಯಿಸಲಿ, ಪಾಚಿ ಯಾರಿಂದ ಎಷ್ಟಕ್ಕೆ ಕೊಂಡೆವು ಅಂತ ಹಿಂದುಗಡೆ ಒಂದು ಸಾಲು ಹಾಕಲಿ. ಸಕ್ಕರೆ ಎಷ್ಟು ಅಂತ ಹಾಕೋಕೆ ಜಾಗ ಇದೆಯಲ್ಲ, ಇದಕ್ಕೂ ಆಗುತ್ತದೆ.

ಇದೇ ಕಂಪನಿಯ ಪುಡಿಯೂ ಸಿಗುತ್ತದೆ, ತುಸು ತುಟ್ಟಿ. ಬೇಗ ಕರಗುತ್ತೆ. ರಂಜಾನ್ ತಿಂಗಳಲ್ಲಿ ದಿನಾ ಪುಡ್ಡಿಂಗ್ ಮಾಡುವ ಮನೆಗಳಿಗೆ ಅದೇ ಸರಿ.