ಕಾಗದ, ರೀಡರ್, ಇಯರ್‌ಫೋನು: ರಾಯಚೂರು–ಮಾನ್ವಿ ಬಸ್ಸಿನ ಆರು ವರ್ಷದ ಓದು

ರಾಯಚೂರಿನಲ್ಲಿ ಮನೆ, ಮಾನ್ವಿಯಲ್ಲಿ ಹೈಸ್ಕೂಲು ನೌಕರಿ. ಬಸ್ಸಿನಲ್ಲಿ ಹೋಗಲು ಒಂದು ತಾಸಿನ ಮೇಲೆ, ಬರಲು ಅಷ್ಟೇ. ನನಗೆ ಓದಲು ಸಿಗುವ ಹೊತ್ತು ಹೆಚ್ಚುಕಡಿಮೆ ಇದೇ. 2019ರಲ್ಲಿ ಆರು ಇಂಚಿನ ಇ-ಇಂಕ್ ರೀಡರ್, ಅಂದರೆ ಕಾಗದದಂತೆ ಕಾಣುವ ಪರದೆಯ ಇ-ಪುಸ್ತಕ ಓದುವ ಸಾಧನ, ಕೊಂಡೆ. ಮರುವರ್ಷ ಲಾಕ್‌ಡೌನಿನಲ್ಲಿ ಕನ್ನಡ ಆಡಿಯೊ ಪುಸ್ತಕಗಳ ಆ್ಯಪ್ ಹಾಕಿಕೊಂಡೆ. ಕಾಗದದ ಪುಸ್ತಕ ಮೊದಲಿನಿಂದ ಇದ್ದೇ ಇದೆ. ಕೊಳ್ಳುವ ಮುಂಚೆ ನಾನು ನೋಡಿದ ವಿಮರ್ಶೆಗಳೆಲ್ಲ ಇಂಗ್ಲಿಷ್ ಪುಸ್ತಕ ಓದುವವರು ಬರೆದವು. ಕನ್ನಡ ಓದುವವರಿಗೆ ಲೆಕ್ಕ ಬೇರೆಯೇ ಆಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೀಡರಿನ ಪರದೆಯನ್ನು ಹೊಗಳಬೇಕು. ಏಪ್ರಿಲ್, ಮೇ ಬಂದರೆ ನಮ್ಮಲ್ಲಿ 40 ಡಿಗ್ರಿ ದಾಟಿದ ಬಿಸಿಲು. ಕಿಟಕಿ ಪಕ್ಕ ಕೂತರೆ ಮೊಬೈಲಿನ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ರೀಡರಿನಲ್ಲಿ ಬಿಸಿಲು ಬಿದ್ದಷ್ಟೂ ಅಕ್ಷರ ಸ್ಪಷ್ಟ. ಅದರ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿವೆ, ಅವುಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳಿವೆ. ವಿದ್ಯುತ್ತು ಅವನ್ನು ಮೇಲೆ ಕೆಳಗೆ ಸರಿಸಿ ಪುಟ ಮೂಡಿಸುತ್ತದೆ. ಮೂಡಿದ ಪುಟ ಹಾಗೇ ನಿಲ್ಲಲು ಕರೆಂಟು ಬೇಡ. ರೀಡರಿನ ಒಳದೀಪ ಆರಿಸಿಟ್ಟು ಓದಿದರೆ ಎರಡು ಮೂರು ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು.

ತೊಂದರೆ ಇರುವುದು ಕನ್ನಡದಲ್ಲಿ. ಅಮೆಜಾನಿನ ಇ-ಪುಸ್ತಕ ಸೇವೆ ಕಿಂಡಲ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್‌ನಂಥ ಕಡೆ ಸಿಗುತ್ತವೆ, ಆದರೆ ಅವನ್ನು ನಾನು ಓದುವುದು ಮೊಬೈಲಿನಲ್ಲೇ. ರೀಡರಿಗೆ ಹಾಕಿಕೊಳ್ಳಲು ನನಗೆ ಉಳಿದದ್ದು ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್. ಆರು ಇಂಚಿನಲ್ಲಿ ಇಡೀ ಪುಟ ತೋರಿಸಿದರೆ ಒತ್ತಕ್ಷರ ಎಲ್ಲಾ ಇರುವೆ ಸಾಲು. ಅಡ್ಡ ತಿರುಗಿಸಿ ಅರ್ಧರ್ಧ ಪುಟ ಓದಬೇಕು. ಪಠ್ಯ ರೂಪದ ಕಡತ ಸಿಕ್ಕರೂ ನೆಮ್ಮದಿ ಇಲ್ಲ. ನಮ್ಮ ಎಷ್ಟೋ ಪುಸ್ತಕಗಳನ್ನು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟುಗಳಲ್ಲಿ ಕೂಡಿಸಿದ್ದರು. ಅವನ್ನು ಈಗಿನ ಫೋನು, ರೀಡರುಗಳು ಓದುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ತರುವಾಗ ಅರ್ಕಾವತ್ತು ಒಂದು ಕಡೆ, ದೀರ್ಘ ಒಂದು ಕಡೆ ಹೋಗುತ್ತದೆ. ನನ್ನ ರೀಡರಿನಲ್ಲಿ ಮೊದಲ ವರ್ಷವಿಡೀ ‘ಪುಸ್ತಕ’ ಅನ್ನುವುದು ‘ಪುಸ್‌ತಕ’ ಎಂದೇ ಕಾಣುತ್ತಿತ್ತು. ಒಂದು ಅಪ್‌ಡೇಟ್ ಬಂದ ಮೇಲೆ ಸರಿಹೋಯಿತು. ಮಕ್ಕಳಿಗೆ ಒತ್ತಕ್ಷರ ತಿದ್ದಿಸುವುದೇ ನನ್ನ ಕೆಲಸ. ಅಂಥ ಪುಟ ನೋಡಿದಾಗ ನನಗೆ ಆಗುತ್ತಿದ್ದ ಸಂಕಟ ನಿಜವಾದದ್ದು.

ಹಾಗಾಗಿ ರೀಡರು ನನಗೆ ಇಂಗ್ಲಿಷ್ ಪುಸ್ತಕಕ್ಕೆ, ಮುದ್ರಣದಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕಕ್ಕೆ. ಅಷ್ಟಕ್ಕೆ ಅದು ದುಡ್ಡಿಗೆ ಮೋಸವಿಲ್ಲ.

ಆಡಿಯೊ ಹಾಕಿಸಿಕೊಂಡದ್ದು ನನಗಾಗಿ. ಉಪಯೋಗಕ್ಕೆ ಬಂದದ್ದು ಅಪ್ಪನಿಗೆ. ಶುಗರಿನಿಂದ ಕಣ್ಣು ಮಂಜಾಗಿ ಅವರು ಪೇಪರ್ ಓದುವುದನ್ನೂ ಬಿಟ್ಟಿದ್ದರು. ಮಧ್ಯಾಹ್ನ ಊಟ ಆದಮೇಲೆ ಸುಮ್ಮನೆ ಗೋಡೆ ನೋಡುತ್ತ ಕೂಡುತ್ತಿದ್ದರು. ಒಂದು ರವಿವಾರ ಕಾದಂಬರಿ ಹಚ್ಚಿ ಫೋನನ್ನು ಅವರ ದಿಂಬಿನ ಹತ್ತಿರ ಇಟ್ಟೆ. ಒಂದು ಅಧ್ಯಾಯ ಮುಗಿದಾಗ ‘ಇಕಿ ಛಲೋ ಓದ್ತಾಳ ನೋಡವಾ, ಬಂದ್ ಮಾಡಬ್ಯಾಡ’ ಅಂದರು. ಆ ಚಳಿಗಾಲದಲ್ಲಿ ಅವರು ಕೇಳಿ ಮುಗಿಸಿದ ಕಾದಂಬರಿಗಳು ಏಳು. ಅವರಿಗೆ ಕೇಳುವ ಓದು ಹೊಸದೂ ಅಲ್ಲ. ಜಗನ್ನಾಥದಾಸರು ಬಾಳಿದ ಮಾನ್ವಿ, ವಿಜಯದಾಸರು ಹುಟ್ಟಿದ ಚೀಕಲಪರವಿ ಇರುವ ಸೀಮೆ ಇದು. ದಾಸರ ಪದಗಳನ್ನು ಅಪ್ಪ ಪುಸ್ತಕ ಮುಟ್ಟದೆ, ಭಜನೆಯಲ್ಲಿ ಕೇಳಿಯೇ ಕಲಿತವರು.

ದೂರು ಒಂದಿದೆ. ನಮ್ಮ ಕಡೆಯ ಹಳ್ಳಿಯ ಕತೆಯಲ್ಲೂ ಓದುವವರ ಬಾಯಲ್ಲಿ ಮೈಸೂರು ಸೀಮೆಯ ರಾಗ. ‘ಹೋಗ್ಯಾನ’, ‘ಬರಂಗಿಲ್ಲ’ ಬಂದಲ್ಲಿ ನಾಲಿಗೆ ತೊಡರುವುದು ಕೇಳಿಸುತ್ತದೆ. ಅಪ್ಪ ಪ್ರತಿ ಸಲ ಅದನ್ನು ತಿದ್ದಿ ಗಟ್ಟಿಯಾಗಿ ಹೇಳುತ್ತಾರೆ. ಕಲ್ಯಾಣ ಕರ್ನಾಟಕದ ದನಿಗಳನ್ನು ಕೂಡಿಸಿ ಓದಿಸಬೇಕು ಎಂದು ಆ್ಯಪಿನವರಿಗೆ ಎರಡು ಸಲ ಬರೆದಿದ್ದೇನೆ. ಬಸ್ಸಿನಲ್ಲಂತೂ ಆಡಿಯೊ ನನಗೆ ಒಗ್ಗಲಿಲ್ಲ. ಕಲ್ಲೂರು ದಾಟುವಷ್ಟರಲ್ಲಿ ಹಾರ್ನಿನ ನಡುವೆ ಮೂರು ಪಾತ್ರ ಕಳೆದುಹೋಗಿರುತ್ತವೆ. ಹಿಂದಕ್ಕೆ ಹೋಗಿ ಹುಡುಕುವುದು ಪುಟ ತಿರುಗಿಸಿದಷ್ಟು ಸುಲಭವಲ್ಲ.

ಕನ್ನಡ ಪುಸ್ತಕವನ್ನು ಈಗಲೂ ನಾನು ಕೊಳ್ಳುವುದು ಕಾಗದದಲ್ಲೇ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು ಶೇ. 18 ಇತ್ತು, ಮುದ್ರಿತ ಪ್ರತಿ ಇರುವಂಥವಕ್ಕೆ 2018ರ ಜುಲೈನಲ್ಲಿ ಶೇ. 5ಕ್ಕೆ ಇಳಿಯಿತು. ಆದರೆ ನನ್ನ ಕಾರಣ ರೊಕ್ಕ ಅಲ್ಲ, ನನ್ನ ಒಂಬತ್ತನೇ ತರಗತಿಯ ಹುಡುಗಿಯರು. ಆ್ಯಪಿನಲ್ಲಿ ಕೊಂಡ ಪುಸ್ತಕ ನನ್ನ ಖಾತೆ ಬಿಟ್ಟು ಕದಲುವುದಿಲ್ಲ. ಕಾಗದದ್ದನ್ನು ಒಬ್ಬಳಿಗೆ ಕೊಟ್ಟರೆ ಐದು ಮನೆ ಸುತ್ತಿ, ರಟ್ಟಿಗೆ ಅರಿಶಿನ ಹತ್ತಿಸಿಕೊಂಡು ತಿರುಗಿ ಬರುತ್ತದೆ. ಜೊತೆಗೆ ‘ಮೇಡಂ, ಇಂಥಾದು ಇನ್ನೊಂದು ಐತೇನ್ರಿ?’ ಅನ್ನುವ ಪ್ರಶ್ನೆಯೂ ಬರುತ್ತದೆ. ಅಂಚಿನಲ್ಲಿ ನಾನು ಪೆನ್ಸಿಲಿನಿಂದ ಬರೆದದ್ದರ ಕೆಳಗೆ ಯಾರೋ ಒಬ್ಬಳು ‘ನನಗೆ ಹಾಗೆ ಅನಿಸಲಿಲ್ಲ’ ಎಂದು ಬರೆದಿದ್ದಳು. ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ.

ಪ್ರಕಾಶಕರು ಗಮನಿಸಬೇಕಾದದ್ದು ಬೈಂಡಿಂಗು. ಬರೀ ಅಂಟು ಹಾಕಿದ ಬೆನ್ನು ನಮ್ಮ ಎರಡು ಬೇಸಿಗೆ ತಡೆಯುವುದಿಲ್ಲ, ಹಾಳೆ ಒಂದೊಂದೇ ಉದುರುತ್ತದೆ. ದಾರದ ಹೊಲಿಗೆಯ ಪ್ರತಿಗೆ ಐವತ್ತು ರೂಪಾಯಿ ಹೆಚ್ಚಿಟ್ಟರೂ ಕೊಡುತ್ತೇನೆ. ಈಗ ಉದುರಿದವನ್ನು ಬೈಂಡರ್ ಹತ್ತಿರ ಒಯ್ದು ಹೊಲಿಸುತ್ತೇನೆ.

ರೀಡರಿನ ಬ್ಯಾಟರಿ ಈ ಬೇಸಿಗೆಯಿಂದ ನಾಲ್ಕು ದಿನಕ್ಕೇ ಇಳಿಯುತ್ತಿದೆ. ಮುಂದಿನದು ಹತ್ತು ಇಂಚಿನದೇ ಆಗಬೇಕು, ಸ್ಕ್ಯಾನ್ ಪುಟ ಇಡಿಯಾಗಿ ಕಾಣುವಂಥದ್ದು. ಆಡಿಯೊ ಚಂದಾ ಅಪ್ಪನ ಹೆಸರಿನಲ್ಲಿ ಹೋದ ವಾರವೇ ಕಟ್ಟಿದ್ದೇನೆ.