ಇಂಗ್ಲೆಂಡಿನ ಕಾಲುದಾರಿಯಾ, ಸ್ಕಾಟ್ಲೆಂಡಿನ ಬೆಟ್ಟವಾ?

ನಡೆಯಲು ಎಲ್ಲಿಗೆ ಹೋಗೋದು ಅಂತ ಯೋಚಿಸುತ್ತಿದ್ದರೆ ಮೊದಲು ಅಲ್ಲಿನ ಕಾನೂನು ನೋಡಿ. ಇಂಗ್ಲೆಂಡಿನಲ್ಲಿ ಬೇರೆಯವರ ಜಮೀನಿನಲ್ಲಿ ನಡೆಯುವ ಹಕ್ಕು ಇರುವುದು ಮುಖ್ಯವಾಗಿ ದಾರಿಯ ಮೇಲೆ. ಗೋಧಿ ಹೊಲದ ನಡುವೆಯೇ ಸಣ್ಣ ಕಾಲುದಾರಿ, ಬೇಲಿ ದಾಟಲು ಮರದ ಮೆಟ್ಟಿಲು, ಕಂಬದ ಮೇಲೆ ಹಳದಿ ಬಾಣ. ಇದೆಲ್ಲ ಸುಮ್ನೆ ಸಿಕ್ಕಿದ್ದಲ್ಲ. 1932ರಲ್ಲಿ ನಡೆಯುವ ಹಕ್ಕು ಕೇಳಿ, ಖಾಸಗಿಯಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದವರಲ್ಲಿ ಐದು ಜನ ಜೈಲಿಗೆ ಹೋದರು. ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವ ಕಾನೂನು ಬಂದಿದ್ದು 1949ರಲ್ಲಿ. ಗುಡ್ಡ, ಬಯಲುಗಳಲ್ಲಿ ದಾರಿ ಬಿಟ್ಟು ಅಡ್ಡಾಡಲು 2000ದ ಕಾನೂನಿನವರೆಗೆ ಕಾಯಬೇಕಾಯಿತು. ಎಷ್ಟು ತಡ, ಅಲ್ವಾ?

ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಜಾಸ್ತಿ ಉದಾರ. ಮನೆಯಂಗಳ, ಬೆಳೆ ನಿಂತ ಹೊಲ ಬಿಟ್ಟು ಹೆಚ್ಚಿನ ಕಡೆ ನಡೆಯಬಹುದು, ಟೆಂಟನ್ನೂ ಹಾಕಬಹುದು. ಆದರೆ ಬೆಟ್ಟದಲ್ಲಿ ಬಾಣದ ಗುರುತು ಕಡಿಮೆ, ನಕ್ಷೆ ಓದಲು ಬರಲೇಬೇಕು. ಮೊದಲ ಸಲವಾದರೆ ಇಂಗ್ಲೆಂಡಿಗೇ ಹೋಗಿ.