‘ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಒತ್ತಬೇಡಿ: ಹಳೇ ಡಿಸ್ಕನ್ನು ಮದರ್‌ಬೋರ್ಡಿಗೆ ಹಾಕಿಸುವವರಿಗೆ ಎಚ್ಚರಿಕೆ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಬಾಕ್ಸ್ ಕೆಟ್ಟಿದೆ, ಒಳಗಿನ ಡಿಸ್ಕ್ ಬಿಚ್ಚಿ ನೇರವಾಗಿ ಮದರ್‌ಬೋರ್ಡಿಗೆ ಹಾಕಿಸೋಣ ಎಂದು ಯಾರಾದರೂ ಹೊರಟಿದ್ದರೆ ಮೊದಲು ಇದನ್ನು ಓದಿ. ಹಾಕಿದ ಕೂಡಲೇ ವಿಂಡೋಸ್ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದರೆ ಕ್ಯಾನ್ಸಲ್ ಕೊಟ್ಟು ಕಂಪ್ಯೂಟರ್ ಆಫ್ ಮಾಡಿ. ಡಿಸ್ಕಿನಲ್ಲಿರುವುದು ಅಲ್ಲೇ ಇರುತ್ತದೆ. ಅದನ್ನು ಕಳೆಯುವುದು ಆ ಒಂದು ಕ್ಲಿಕ್.

ನಮ್ಮ ಭಾವನವರದು ತಿಪಟೂರಿನಲ್ಲಿ ಫೋಟೋ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ, ಶಾಲೆಗಳ ಗ್ರೂಪ್ ಫೋಟೋ, ವರ್ಷಗಟ್ಟಲೆಯ ಕೆಲಸವೆಲ್ಲ 4 ಟಿಬಿಯ ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿತ್ತು. ಎರಡನೇ ಪ್ರತಿ ಇಟ್ಟಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಈಚಿನ ಕೆಲಸಗಳದ್ದು ಇತ್ತು, ಹಳೆಯದರದ್ದು ಇರಲಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ಸಂಜೆ ಆ ಬಾಕ್ಸಿನ ದೀಪ ಆರಿತು, ಮತ್ತೆ ಹತ್ತಲಿಲ್ಲ. ರಿಪೇರಿಯವರು ಬಂದು ನೋಡಿ, “ಸರ್, ಡಿಸ್ಕಿಗೇನೂ ಆಗಿಲ್ಲ, ಬಾಕ್ಸಿನ ಬೋರ್ಡ್ ಮಾತ್ರ ಹೋಗಿದೆ. ಬಿಚ್ಚಿ ನಿಮ್ಮ ಸಿಪಿಯುಗೇ ಹಾಕಿಬಿಡ್ತೀನಿ” ಎಂದರು. ಅವರು ಹೇಳಿದ್ದು ನಿಜವೇ. ಡಿಸ್ಕಿಗೆ ಏನೂ ಆಗಿರಲಿಲ್ಲ.

ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಸರಿಯಾಗಿ ಕೂತಿತು. ವಿಂಡೋಸಿಗೂ ಮೊದಲು ಓಡುವ, ಬೋರ್ಡಿನದೇ ಪ್ರೋಗ್ರಾಮಾದ ಬಯಾಸ್‌ನಲ್ಲಿ ಡಿಸ್ಕಿನ ಹೆಸರೂ ಬಂತು. ಆದರೆ ವಿಂಡೋಸಿನಲ್ಲಿ 465 ಜಿಬಿಯ ಒಂದು ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಮಾತ್ರ ಕಾಣಿಸಿತು, ಅದರ ಮೇಲೆ ‘ರಾ’ (RAW), ಅಂದರೆ ಒಳಗಿನದನ್ನು ಓದಲಾಗುತ್ತಿಲ್ಲ, ಎಂದು ಬರೆದಿತ್ತು, ಉಳಿದ ಜಾಗವೆಲ್ಲ ಖಾಲಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. “ಏನೋ ಕರಪ್ಟ್ ಆಗಿದೆ, ಕ್ವಿಕ್ ಫಾರ್ಮ್ಯಾಟ್ ಕೊಟ್ಟು ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕೋಣ” ಎಂದು ಅವರು ಒತ್ತಿಯೇಬಿಟ್ಟರು. ಆ ಮೇಲೆ ಗಾತ್ರ ಕಡಿಮೆ ತೋರಿಸುತ್ತಿದೆಯೆಂದು ಪಾರ್ಟಿಷನ್ ಅಳಿಸಿ, ಪೂರ್ತಿ 4 ಟಿಬಿಗೆ ಹೊಸದಾಗಿ ಮಾಡಿ, ಸರಿಯಾಗಿದೆಯೇ ಎಂದು ನೋಡಲು ಅದರೊಳಕ್ಕೆ ಒಂದಿಷ್ಟು ಫೈಲು ಕಾಪಿ ಮಾಡಿದರು. ಕೆಟ್ಟ ಬಾಕ್ಸನ್ನು ಕಸಕ್ಕೆ ಹಾಕಿ ಹೋದರು.

ಕೊನೆಗೆ ಬೆಂಗಳೂರಿನ ಡೇಟಾ ರಿಕವರಿಯವರ ಕೈಯಲ್ಲಿ, ಹೊಸ ಡಿಸ್ಕಿನ ಬೆಲೆಗಿಂತ ಎಷ್ಟೋ ಪಟ್ಟು ಹಣ ತೆತ್ತ ಮೇಲೆ, ಫೋಟೋಗಳಲ್ಲಿ ಬಹುಪಾಲು ಸಿಕ್ಕವು. ಆದರೆ ಫೋಲ್ಡರಿಲ್ಲ, ಫೈಲಿನ ಹೆಸರಿಲ್ಲ, ಯಾವ ಮದುವೆಯ ಧಾರೆ ಯಾವ ಮನೆಯದೆಂದು ಮುಖ ನೋಡಿ ವಿಂಗಡಿಸಬೇಕು. ಉದ್ದದ ವಿಡಿಯೋಗಳು ಡಿಸ್ಕಿನಲ್ಲಿ ಚೂರು ಚೂರಾಗಿ ಹರಡಿರುತ್ತವೆ. ಆ ಚೂರುಗಳ ಲೆಕ್ಕ ಬರೆದಿಟ್ಟ ಜಾಗವೇ ಅಳಿದಿದ್ದರಿಂದ ಅವು ಹೆಚ್ಚಿನವು ತೆರೆಯಲೇ ಇಲ್ಲ. ತೀರಿಹೋದ ತಾಯಿ ನಡೆದಾಡುವುದನ್ನು ಒಂದು ಸಲ ನೋಡಬೇಕೆಂದು ಮದುವೆ ವಿಡಿಯೋ ಕೇಳಿಕೊಂಡು ಬಂದವರಿಗೆ ಭಾವ ಏನು ಹೇಳಬೇಕು? ಇದೇ ಸಂಕಟಕ್ಕೆ ನಾನು ಇಷ್ಟುದ್ದ ಬರೆಯುತ್ತಿರುವುದು.

ಆಗಿದ್ದೇನು ಎಂದರೆ, ಡಿಸ್ಕಿನ ಜಾಗವನ್ನು ಸೆಕ್ಟರ್ ಎಂಬ ತುಂಡುಗಳಲ್ಲಿ ಎಣಿಸುತ್ತಾರೆ. ರೂಢಿಯಲ್ಲಿ ಒಂದು ಸೆಕ್ಟರ್‌ಗೆ 512 ಬೈಟ್. ಎಂಬಿಆರ್ ಎಂಬ ಹಳೇ ಪಾರ್ಟಿಷನ್ ಪದ್ಧತಿಯಲ್ಲಿ ಸೆಕ್ಟರ್ ಸಂಖ್ಯೆ ಬರೆಯಲು 32 ಬಿಟ್ ಜಾಗ ಮಾತ್ರ, ಹಾಗಾಗಿ ಸುಮಾರು 2.2 ಟಿಬಿಯ ಆಚೆಗೆ ಲೆಕ್ಕ ನಿಂತುಹೋಗುತ್ತದೆ. ದೊಡ್ಡ ಡಿಸ್ಕುಗಳಿಗೆಂದು ಜಿಪಿಟಿ ಪದ್ಧತಿ ಬಂತು. ಆದರೆ ಆಗ ಎಲ್ಲೆಡೆ ಇದ್ದ 32 ಬಿಟ್ ವಿಂಡೋಸ್ ಎಕ್ಸ್‌ಪಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಅದಕ್ಕೆ ಕೆಲವು ಬಾಕ್ಸ್ ತಯಾರಕರು ಎಂಟು ಸೆಕ್ಟರ್ ಸೇರಿಸಿ ಒಂದೆಂದು, ಅಂದರೆ 4096 ಬೈಟಿನ ಸೆಕ್ಟರ್ ಎಂದು, ಕಂಪ್ಯೂಟರಿಗೆ ತೋರಿಸುವ ಚಿಪ್ ಹಾಕಿದರು. ಆಗ ಎಂಬಿಆರ್‌ನ ಅದೇ ಲೆಕ್ಕ ಎಂಟು ಪಟ್ಟು ದೂರ ಹೋಗುತ್ತದೆ. ಆ ಬಾಕ್ಸಿನಲ್ಲಿ ಇರುವಷ್ಟು ದಿನ ತೊಂದರೆಯಿಲ್ಲ. ಡಿಸ್ಕ್ ಹೊರಗೆ ಬಂದು ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಕೂತರೆ ಬೋರ್ಡು ಅದನ್ನು 512ರ ಲೆಕ್ಕದಲ್ಲಿ ಓದುತ್ತದೆ. ಸೇರಿನಲ್ಲಿ ಬರೆದಿಟ್ಟ ಲೆಕ್ಕವನ್ನು ಪಾವಿನಲ್ಲಿ ಓದಿದಂತೆ ಎಲ್ಲ ಗಾತ್ರವೂ ಕುಗ್ಗಿ, ಎಲ್ಲ ವಿಳಾಸವೂ ತಪ್ಪಿಹೋಗುತ್ತದೆ. 4 ಟಿಬಿ ಡಿಸ್ಕನ್ನು ವಿಂಡೋಸ್ 3726 ಜಿಬಿ ಎಂದು ತೋರಿಸುತ್ತದೆ. ಅದರ ಎಂಟನೇ ಒಂದು ಭಾಗವೇ ಆ 465.

ಆದ್ದರಿಂದ ಗಾತ್ರ ನೋಡಿದ ತಕ್ಷಣ ಅನುಮಾನ ಬರಬೇಕು. 3 ಟಿಬಿಯ ಡಿಸ್ಕಿನಲ್ಲಿ ಪಾರ್ಟಿಷನ್ ಸುಮಾರು 349 ಜಿಬಿ, 2 ಟಿಬಿಯದರಲ್ಲಿ 232 ಜಿಬಿ ಎಂದು ಕಂಡರೆ ಡಿಸ್ಕ್ ಕೆಟ್ಟಿಲ್ಲ, ಅಳತೆ ಬದಲಾಗಿದೆ. ಅದೇ ಮಾಡೆಲ್ಲಿನ ಬೇರೆ ಬಾಕ್ಸ್ ಸಂಪಾದಿಸಿ ಅದರಲ್ಲಿ ಹಾಕಿದರೆ ಎಲ್ಲವೂ ಮೊದಲಿನಂತೆ ತೆರೆಯುವ ಸಾಧ್ಯತೆ ಹೆಚ್ಚು. ಲಿನಕ್ಸ್ ಬಲ್ಲವರು ಹತ್ತಿರವಿದ್ದರೆ ಲೂಪ್ ಡಿವೈಸ್ ಎಂಬ ಲಿನಕ್ಸ್ ಸೌಲಭ್ಯಕ್ಕೆ 4096ರ ಸೆಕ್ಟರ್ ಅಳತೆ ಕೊಟ್ಟು, ರೀಡ್ ಓನ್ಲಿಯಾಗಿ ತೆರೆದು, ಫೈಲುಗಳನ್ನು ಬೇರೆ ಡಿಸ್ಕಿಗೆ ತೆಗೆದುಕೊಡಬಲ್ಲರು. ಕೆಲವು ಬಾಕ್ಸುಗಳು ಪಾಸ್‌ವರ್ಡ್ ಹಾಕದಿದ್ದರೂ ತಮ್ಮ ಚಿಪ್ಪಿನಲ್ಲೇ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿ ಬರೆಯುತ್ತವೆ, ಅವಕ್ಕಂತೂ ಅದೇ ಜಾತಿಯ ಬೋರ್ಡು ಬೇಕೇ ಬೇಕು. ಹಾಗಾಗಿ ಕೆಟ್ಟ ಬಾಕ್ಸನ್ನು ಯಾವ ಕಾರಣಕ್ಕೂ ಎಸೆಯಲು ಬಿಡಬೇಡಿ. ಇನ್ನೊಂದು ಮಾತು, ಇದು ತಿರುಗಿಸಿದರೂ ನಿಜ. ಸಿಪಿಯು ಒಳಗೆ ಬಳಸುತ್ತಿದ್ದ ಡಿಸ್ಕನ್ನು ಇಂಥ ಬಾಕ್ಸಿಗೆ ಹಾಕಿದರೂ ಅದೇ ಫಾರ್ಮ್ಯಾಟ್ ಪ್ರಶ್ನೆ ಬರುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಸಿಕ್ಕಿದ್ದನ್ನೆಲ್ಲ ತುಂಬಿಡಲು ಭಾವ 8 ಟಿಬಿಯ ಡಿಸ್ಕ್ ತಂದರು. ಅದೂ ಎಕ್ಸ್‌ಟರ್ನಲ್ ಬಾಕ್ಸಿನಿಂದ ಬಿಚ್ಚಿದ್ದು, ಅದಕ್ಕೇ ಬೆಲೆ ಕಡಿಮೆ. ಹಾಕಿದರೆ ತಿರುಗುವ ಸದ್ದೇ ಇಲ್ಲ, ಬಯಾಸ್‌ನಲ್ಲೂ ಹೆಸರಿಲ್ಲ. ಮಾರಿದವರು ಫೋನಿನಲ್ಲಿ, “ನಿಮ್ಮ ಮದರ್‌ಬೋರ್ಡ್ ಹಳೇದು, ಇದಕ್ಕೆ ಸಪೋರ್ಟ್ ಮಾಡಲ್ಲ, ಬೋರ್ಡ್ ಚೇಂಜ್ ಮಾಡಿ” ಎಂದರು. ಬೋರ್ಡ್ ಬದಲಿಸಿದರೆ ಪ್ರೊಸೆಸರ್, ರ್‍ಯಾಮ್ ಎಲ್ಲ ಬದಲಿಸಬೇಕು. ತೊಂದರೆ ಇದ್ದದ್ದು ಬೋರ್ಡಿನಲ್ಲಿ ಅಲ್ಲವೇ ಅಲ್ಲ, ಪವರ್ ಕನೆಕ್ಟರಿನಲ್ಲಿ. ಸಾಟಾ ಪವರ್ ಕನೆಕ್ಟರಿನ 15 ಪಿನ್ನುಗಳಲ್ಲಿ ಮೊದಲ ಮೂರು 3.3 ವೋಲ್ಟಿನವು. 2016ರಲ್ಲಿ ಬಂದ ಸಾಟಾ ನಿಯಮದ 3.3ನೇ ಆವೃತ್ತಿಯಲ್ಲಿ (ಇದು ವೋಲ್ಟ್ ಅಲ್ಲ, ಆವೃತ್ತಿಯ ಸಂಖ್ಯೆ) ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು: ಅದರಲ್ಲಿ ವೋಲ್ಟೇಜ್ ಇದ್ದಷ್ಟು ಹೊತ್ತು ಡಿಸ್ಕ್ ಆಫ್ ಆಗಿರಬೇಕು. ಹಳೇ ಪದ್ಧತಿಯ ಪವರ್ ಸಪ್ಲೈಗಳು ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತವೆ, ಡಿಸ್ಕ್ ಏಳುವುದೇ ಇಲ್ಲ. ಡಿಸ್ಕಿನ ಡೇಟಾ ಕನೆಕ್ಟರ್ ಇರುವ ಕಡೆಯಿಂದ ಎಣಿಸಿ ಮೂರನೇ ಪವರ್ ಪಿನ್ನಿಗೆ ಬಿಸಿ ತಡೆಯುವ ಕ್ಯಾಪ್ಟಾನ್ (Kapton) ಟೇಪಿನ ಸಣ್ಣ ತುಂಡು ಅಂಟಿಸಿದರೆ ಸಾಕು, ಭಾವನವರ ಡಿಸ್ಕ್ ಹಾಗೆಯೇ ಎದ್ದಿತು. ಮೋಲೆಕ್ಸ್ ಎಂಬ ಹಳೇ ನಾಲ್ಕು ಪಿನ್ನಿನ ಪವರ್ ಕನೆಕ್ಟರಿನಿಂದ ಸಾಟಾಗೆ ಹೋಗುವ ಕನ್ವರ್ಟರ್ ಹಾಕಿದರೂ ಆಗುತ್ತದೆ, ಮೋಲೆಕ್ಸ್‌ನಲ್ಲಿ 3.3 ವೋಲ್ಟೇ ಇಲ್ಲ. ಆದರೆ ವೈರುಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಕನ್ವರ್ಟರುಗಳು ಒಳಗೇ ಶಾರ್ಟ್ ಆಗಿ ಸುಟ್ಟುಹೋಗುವುದುಂಟು, ಅವನ್ನು ಮುಟ್ಟಬೇಡಿ.

‘ಹಳೇ ಬೋರ್ಡಿಗೆ 2 ಟಿಬಿ ಮೇಲೆ ಹಾಕಂಗಿಲ್ಲ’ ಎಂಬ ಮಾತನ್ನೂ ಅರ್ಧ ಮಾತ್ರ ನಂಬಿ. ಯುಇಎಫ್ಐ (ಬಯಾಸ್‌ನ ಜಾಗಕ್ಕೆ ಬಂದ ಹೊಸ ಪದ್ಧತಿ) ಇಲ್ಲದ ಹಳೇ ಬಯಾಸ್‌ನಲ್ಲಿ ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗುವುದಿಲ್ಲ, ಅದು ನಿಜ. ವಿಂಡೋಸ್ ಬೇರೆ ಡಿಸ್ಕಿನಲ್ಲಿದ್ದು ದೊಡ್ಡದನ್ನು ಡೇಟಾಕ್ಕೆ ಮಾತ್ರ ಬಳಸುವುದಾದರೆ ವಿಂಡೋಸ್ 7ರಿಂದ ಈಚೆಗೆ ಸಾಮಾನ್ಯವಾಗಿ ತಕರಾರಿಲ್ಲ. 3 ಟಿಬಿ ಡಿಸ್ಕ್ 746 ಜಿಬಿ ಎಂದು ಕಂಡರೆ ಹಳೇ ಸ್ಟೋರೇಜ್ ಡ್ರೈವರನ್ನು ಅನುಮಾನಿಸಿ, ಅದನ್ನು ಅಪ್‌ಡೇಟ್ ಮಾಡುವ ತನಕ ಡಿಸ್ಕಿನಲ್ಲಿ ಏನನ್ನೂ ಬರೆಯಬೇಡಿ.

ಹೊಸ ಬೋರ್ಡಿನವರಿಗೂ ಒಂದು ಮಾತು. ಕೇಬಲ್ಲಿಲ್ಲದೆ ಬೋರ್ಡಿಗೇ ಚುಚ್ಚುವ, ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಯಲ್ಲಿ ಸಾಟಾದ್ದು, ಎನ್‌ವಿಎಂಇಯದು ಎಂದು ಎರಡು ಬಗೆ, ನೋಡಲು ಹೆಚ್ಚುಕಡಿಮೆ ಒಂದೇ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿನಲ್ಲಿ ಸಾಟಾದ್ದು ಕೂತರೂ ಕಾಣಿಸುವುದಿಲ್ಲ. ಅನೇಕ ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿಯೇ ಬಂದ್ ಆಗುತ್ತವೆ, ಯಾವುವೆಂದು ಮ್ಯಾನ್ಯುಯಲ್ಲಿನಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಹೊಸ ಎಸ್‌ಎಸ್‌ಡಿ ಹಾಕಿಸಿದ ದಿನವೇ ಹಳೇ ಡಿಸ್ಕ್ ಕಾಣೆಯಾದರೆ, ಸಿಪಿಯು ಹೊತ್ತು ರಿಕವರಿಯವರ ಬಳಿ ಹೋಗುವ ಮೊದಲು ಅದರ ಸಾಟಾ ಕೇಬಲ್ಲನ್ನು ಬೇರೆ ಪೋರ್ಟಿಗೆ ಚುಚ್ಚಿ ನೋಡಿ.